ಎಣ್ಣೆ ಬೇಡ ಎಂದ ಭವಾನಮ್ಮ

ಭವಾನಮ್ಮ ಬರುವುದಕ್ಕೆ ಮುಂಚೆ ನನ್ನ ಹತ್ತಿರ ಕೆಲಸ ಕಲಿಯಲು ಐದು ಜನ ಬಂದಿದ್ದರು. ಐವರೂ ಓಡಿಹೋದರು. ಒಬ್ಬ ನಾಯಿ ಗುರ್ರೆಂದ ದಿನವೇ ಹೋದ. ಇನ್ನೊಬ್ಬನಿಗೆ ಎಮ್ಮೆ ಸಗಣಿ ಮೆತ್ತಿದ ಬಾಲದಿಂದ ಮುಖಕ್ಕೆ ಬಾರಿಸಿತು; ಊಟ ಮಾಡಿಕೊಂಡು ಬರುತ್ತೇನೆಂದು ಹೋದವನು ಇನ್ನೂ ಊಟ ಮಾಡುತ್ತಿದ್ದಾನೆ. ಉಳಿದ ಮೂವರು ನನ್ನ ಬಾಯಿಗೆ ಹೆದರಿ ಹೋದರೆಂದು ಡಾಕ್ಟರು ಹೇಳುತ್ತಾರೆ. ಇರಬಹುದು. ನನ್ನ ಬಾಯಿ ಒಳ್ಳೆಯದಲ್ಲ, ಅದು ನನಗೂ ಗೊತ್ತು.

ನಾನು ಉಜ್ಜನಪ್ಪ. ಊರು ಹೊಳೆಹೊನ್ನೂರು. ಮೂವತ್ತೊಂದು ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಅಟೆಂಡರ್ ಆಗಿದ್ದೆ. ದನ ಹಿಡಿಯುವುದು, ಗಾಯ ತೊಳೆಯುವುದು, ಔಷಧಿ ಕುಡಿಸುವುದು, ಇಷ್ಟೇ ನನ್ನ ವಿದ್ಯೆ. ರಿಟೈರ್ ಆದ ಮೇಲೆ ಶಿವಮೊಗ್ಗದ ವಿನೋಬನಗರದಲ್ಲಿ ಡಾಕ್ಟರ್ ವಿಜಯಕುಮಾರ್ ಅವರ ಕ್ಲಿನಿಕ್ಕಿಗೆ ಸೇರಿಕೊಂಡೆ. ಅಲ್ಲಿ ನಾಯಿ ಬೆಕ್ಕು ಜಾಸ್ತಿ. ಕರೆ ಬಂದರೆ ಡಾಕ್ಟರು ಸುತ್ತಲ ಊರುಗಳಿಗೆ ಹೋಗಿ ದನ ಎಮ್ಮೆಗಳನ್ನೂ ನೋಡುತ್ತಾರೆ.

ಎರಡು ವರ್ಷದಿಂದ ನನ್ನ ಎಡ ಭುಜ ಮೇಲೇಳುವುದಿಲ್ಲ. ಅಂಗಿ ತೊಡಿಸುವುದಕ್ಕೂ ಹೆಂಡತಿ ಬೇಕು. ಬಿಟ್ಟುಬಿಡುತ್ತೇನೆ ಸಾರ್ ಎಂದರೆ ಡಾಕ್ಟರು, “ನಿಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡಿ ಕೊಟ್ಟು ಹೋಗಿ ಉಜ್ಜನಪ್ಪ. ನೀವು ಆಗುತ್ತೆ ಅಂದವರನ್ನ ನಾನು ಕಣ್ಣು ಮುಚ್ಕೊಂಡು ಇಟ್ಕೋತೀನಿ” ಎಂದರು. ಹೀಗೆ ನನ್ನ ಬಿಡುಗಡೆ ಯಾರೋ ಬಂದು ಕಲಿಯುವುದರ ಮೇಲೆ ನಿಂತಿತು. ಬಂದವರೆಲ್ಲ ಓಡುತ್ತಿದ್ದರು.

ಭವಾನಮ್ಮ ಕೆಲಸ ಕೇಳಲು ಬಂದವರಲ್ಲ, ಬೆಕ್ಕು ತಂದವರು. ಜೂನ್ ತಿಂಗಳು. ಮಗಳು ಸಾಕಿದ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೆಯ ಪಂಚೆ ಬಿಗಿದು, ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದರು. ಅದರ ಕಾಲು ಕೀವು ತುಂಬಿ ಊದಿತ್ತು. ನಾನು ಹಿಡಿಯಲು ಹೋದೆ. ಮುಂಗೈ ಮೇಲೆ ನಾಲ್ಕು ಗೆರೆ ಎಳೆಯಿತು. ನಾನು ಆ ಬೆಕ್ಕಿನ ವಂಶವನ್ನೆಲ್ಲ ಬೈಯುತ್ತಿರುವಾಗ ಆಕೆ ಅದೇ ಪಂಚೆಯನ್ನು ಬಿಚ್ಚಿ, ಬೆಕ್ಕನ್ನು ಹಸುಗೂಸಿನಂತೆ ಬಿಗಿಯಾಗಿ ಸುತ್ತಿ, ಕೆಟ್ಟ ಕಾಲೊಂದನ್ನು ಮಾತ್ರ ಹೊರಗೆ ಬಿಟ್ಟು ಮೇಜಿನ ಮೇಲೆ ಇಟ್ಟರು. ಡಾಕ್ಟರು ಕೀವು ತೆಗೆದು ಕಟ್ಟು ಹಾಕುವವರೆಗೂ ಬೆಕ್ಕು ಮಿಸುಕಲಿಲ್ಲ.

“ಎಲ್ಲಿ ಕಲಿತ್ರಮ್ಮ ಇದನ್ನ?” ಎಂದೆ.

“ಎಲ್ಲೂ ಇಲ್ಲ. ಪರಚದ ಹಾಗೆ ಏನ್ ಮಾಡ್ಬೇಕು ಅಂತ ಬಸ್ಸಲ್ಲಿ ಯೋಚ್ನೆ ಮಾಡ್ಕೊಂಡು ಬಂದೆ” ಎಂದರು. ದುಡ್ಡು ಕೊಟ್ಟು ಬಾಗಿಲವರೆಗೆ ಹೋದವರು ತಿರುಗಿ ಬಂದರು. “ಈ ಕೆಲಸಾನೆಲ್ಲ ಇಲ್ಲಿ ಕಲಿಸ್ತೀರಾ? ನಂಗೆ ನಲವತ್ತೆರಡು ವರ್ಷ. ಪಿಯುಸಿ ಸೈನ್ಸ್ ಆಗಿದೆ. ದನದ ಡಾಕ್ಟರ್ ಆಗ್ಬೇಕು ಅಂತ ಆಸೆ ಇತ್ತು, ಹತ್ತೊಂಬತ್ತಕ್ಕೆ ಮದ್ವೆ ಆಯ್ತು.”

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಖ ಕೆಂಪು ಮಾಡಿಕೊಂಡು ನಿಂತರು. ಆರನೆಯವರು ಬಂದರು ಎಂದುಕೊಂಡೆ ನಾನು.

ಭವಾನಮ್ಮನ ಗಂಡ ಶ್ರೀನಿವಾಸಮೂರ್ತಿಗಳು ಭದ್ರಾವತಿ ಹಳೇನಗರದಲ್ಲಿ ಪೌರೋಹಿತ್ಯ ಮಾಡುತ್ತಾರೆ. ಮದುವೆ, ಉಪನಯನ, ಶ್ರಾದ್ಧ, ಎಲ್ಲದಕ್ಕೂ ಆ ಭಾಗದ ಮನೆಗಳಿಗೆ ಅವರೇ. ಅವರು ಬೇಡ ಎನ್ನಲಿಲ್ಲ. ಆದರೆ ಅತ್ತೆ ಸಾವಿತ್ರಮ್ಮನವರು ಮಡಿಯ ಹೆಂಗಸು. “ನಾಯಿ ಮುಟ್ಟಿದ ಕೈಯಲ್ಲಿ ಅಡುಗೆಮನೆಗೆ ಬರೋಹಾಗಿಲ್ಲ” ಎಂದರಂತೆ. ಕೊನೆಗೆ ಒಂದು ಒಪ್ಪಂದವಾಯಿತು. ಭವಾನಮ್ಮ ಸಂಜೆ ಬಂದರೆ ಮನೆ ಸುತ್ತಿ ಹಿತ್ತಲಿಂದ ಬರಬೇಕು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕು. ನವರಾತ್ರಿಯೊಳಗೆ ಕೆಲಸ ಖಾಯಂ ಆದರೆ ಸರಿ. ಆಗದಿದ್ದರೆ ಈ ಹುಚ್ಚು ಅಲ್ಲಿಗೆ ನಿಲ್ಲಬೇಕು, ಮತ್ತೆ ಆ ಮಾತು ಎತ್ತಬಾರದು. ಮೂರು ತಿಂಗಳು ಮೂರು ವಾರ ಸಿಕ್ಕಿತು ಆಕೆಗೆ.

ಓಡಿಹೋಗಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಕ್ಲಿನಿಕ್ಕಿನ ಮುಂದೆ ಇರುತ್ತಿದ್ದರು. ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್, ಮೊದಲ ಪುಟದಲ್ಲಿ ಶ್ರೀ ಎಂದು ಬರೆದದ್ದು. ಸೂಜಿ, ಕತ್ತರಿ ಕುದಿಸುವುದನ್ನು ಕಲಿತರು. ಡ್ರಿಪ್ ಬಾಟಲಿ ಕಟ್ಟುವುದನ್ನು ಕಲಿತರು. ಕಚ್ಚುವ ನಾಯಿಗೆ ಬ್ಯಾಂಡೇಜ್ ಬಟ್ಟೆಯಲ್ಲೇ ಮೂತಿ ಕಟ್ಟುವುದನ್ನು ನಾನು ಎರಡು ಸಲ ತೋರಿಸಿದೆ, ಮೂರನೇ ಸಲ ನನಗಿಂತ ಚೆನ್ನಾಗಿ ಕಟ್ಟಿದರು. ವಾಂತಿ ಒರೆಸಿ, ಹುಳು ಬಿದ್ದ ಗಾಯ ತೊಳೆದು, ಕೈ ತೊಳೆದುಕೊಂಡು, ಡಬ್ಬಿ ತೆಗೆದು ಮೊಸರನ್ನ ತಿನ್ನುತ್ತಿದ್ದರು. ಅಷ್ಟು ಹೊತ್ತಿಗೆ ನನಗೇ ಊಟ ಸೇರುತ್ತಿರಲಿಲ್ಲ.

ತಪ್ಪು ಜುಲೈ ತಿಂಗಳಲ್ಲಿ ಆಯಿತು. ಹೊಳೆಹೊನ್ನೂರಿನ ಹತ್ತಿರ ಒಂದು ಕೊಟ್ಟಿಗೆ. ಕರುವಿಗೆ ಜಂತುಹುಳುವಿನ ಔಷಧಿ ಕುಡಿಸಬೇಕಿತ್ತು. ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಭವಾನಮ್ಮನ ಕೈಗೆ ಕೊಟ್ಟೆ. ಆಕೆ ಕರುವಿನ ಮೂತಿಯನ್ನು ಆಕಾಶಕ್ಕೆ ಎತ್ತಿ ಒಂದೇ ಸಲಕ್ಕೆ ಸುರಿದರು. ಕರು ಕೆಮ್ಮಿತು, ಕಣ್ಣು ಮೇಲೆ ಮಾಡಿತು. ಔಷಧಿ ಶ್ವಾಸಕ್ಕೆ ಹೋಗುತ್ತಿತ್ತು. ನಾನು ಕಸಿದುಕೊಂಡು ಕರುವಿನ ತಲೆ ಬಗ್ಗಿಸಿ ಬೆನ್ನು ತಟ್ಟಿದೆ. ಸುಧಾರಿಸಿಕೊಂಡಿತು. ಆಮೇಲೆ ನಾನು ಬಾಯಿ ಬಿಟ್ಟೆ.

“ನನ್ನ ಕೇಳ್ದೆ ಒಂದು ಹನಿ ಹುಯ್ಯಬೇಡಿ! ಕೇಳ್ದೆ ಕೈ ಹಾಕ್ಬೇಡಿ! ಕರು ಸತ್ತಿದ್ರೆ ನಿಮ್ಮ ಪಿಯುಸಿ ಸೈನ್ಸ್ ಬರ್ತಿತ್ತೇನು ಎಬ್ಬಿಸೋಕೆ?”

ಕೊಟ್ಟಿಗೆಯ ಯಜಮಾನ, ಅವನ ಹೆಂಡತಿ, ಹಾಲು ತೆಗೆದುಕೊಳ್ಳಲು ಬಂದವರು, ಎಲ್ಲರೂ ಕೇಳಿಸಿಕೊಂಡರು. ಭವಾನಮ್ಮ ಅಳಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು.

ಅವತ್ತಿನಿಂದ ಶುರುವಾಯಿತು ನೋಡಿ. “ಉಜ್ಜನಪ್ಪನೋರೆ, ಈಗ ಹಿಡೀಲಾ?” “ಉಜ್ಜನಪ್ಪನೋರೆ, ಈಗ ಬಿಡಲಾ?” “ಹತ್ತಿ ಇಷ್ಟು ಸಾಕಾ?” “ಬಾಗಿಲು ಮುಚ್ಚಲಾ?” ಬಾಗಿಲು ಮುಚ್ಚುವುದಕ್ಕೂ ನನ್ನ ಅಪ್ಪಣೆ! ಕೈಗೆ ಕೆಲಸ ಬಂದಿತ್ತು, ಆದರೆ ಹೇಳದೆ ಕೈ ಆಡುತ್ತಿರಲಿಲ್ಲ. ನಾನು ಊಟಕ್ಕೆ ಹೋಗಿದ್ದಾಗ ಗಾಯವಾದ ನಾಯಿಯೊಂದು ಬಂದರೆ, ಅದರ ತಲೆ ಸವರುತ್ತಾ ನಾನು ಬರುವುದನ್ನೇ ಕಾಯುತ್ತಾ ಕೂತಿದ್ದರು. ರಕ್ತ ಒರೆಸಿರಲಿಲ್ಲ. ನನಗೆ ತಲೆ ಕೆಟ್ಟುಹೋಗುತ್ತಿತ್ತು.

ಕೇಳಿದ್ದಕ್ಕೆಲ್ಲ ಹೇಳಿಕೊಡುತ್ತಿದ್ದೆ, ಅದರಲ್ಲಿ ಮೋಸವಿಲ್ಲ. ಒಂದು ದಿನ ದನದ ಹೊಟ್ಟೆ ನೋಡುವುದನ್ನು ಹೇಳಿದೆ. “ಎಡ ಪಕ್ಕೆ ತಟ್ಟಿ ನೋಡಿ. ಡೋಲಿನ ಹಾಗೆ ಸದ್ದು ಬಂದ್ರೆ ಒಳಗೆ ಗಾಳಿ, ಅದು ಉಬ್ಬರ. ಹಸಿ ಹುಲ್ಲು ಜಾಸ್ತಿ ತಿಂದ್ರೆ ಆಗುತ್ತೆ, ಎಣ್ಣೆ ಕುಡಿಸಿದ್ರೆ ಇಳಿಯುತ್ತೆ. ಸದ್ದು ಬರ್ದೆ, ಬೆರಳು ಒತ್ತಿದ ಗುಂಡಿ ಹಾಗೇ ನಿಂತ್ರೆ ಗಾಳಿ ಅಲ್ಲ, ಅನ್ನ ಹಿಟ್ಟು ತಿಂದು ಹೊಟ್ಟೆ ಹುಳಿ ಬಂದಿದೆ ಅಂತ. ಅದು ಕೆಟ್ಟದ್ದು. ಅದಕ್ಕೆ ಎಣ್ಣೆ ಅಲ್ಲ, ಅಡುಗೆ ಸೋಡಾ.”

“ಹೋಳಿಗೆ ಕಣಕದ ಹಾಗೆ ಇರುತ್ತಾ?” ಎಂದು ಕೇಳಿ ಬರೆದುಕೊಂಡರು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಡಾಕ್ಟರು ನನ್ನನ್ನು ಒಳಗೆ ಕರೆದರು. “ಏನಂತೀರಿ ಉಜ್ಜನಪ್ಪ? ಭವಾನಮ್ಮನ್ನ ಇಟ್ಕೊಳ್ಳೋದಾ?”

“ಆಗಲ್ಲ ಸಾರ್” ಎಂದೆ. “ಒಳ್ಳೆ ಹೆಂಗಸು, ಕೆಲಸಾನೂ ಗೊತ್ತು. ಆದ್ರೆ ಒಬ್ಬರನ್ನೇ ಬಿಟ್ರೆ ನಿಂತ್ಕೊಂಡುಬಿಡ್ತಾರೆ. ಕೇಳೋಕೆ ಪಕ್ಕದಲ್ಲಿ ಒಬ್ಬರು ಬೇಕು. ಹಂಗಾದ್ರೆ ನಾನು ಹೋಗೋದು ಹೆಂಗೆ?”

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. “ಸರಿ. ಹಬ್ಬ ಕಳೀಲಿ, ನಾನೇ ಹೇಳ್ತೀನಿ” ಎಂದರು. ಹೊರಗೆ ಬಂದರೆ ಭವಾನಮ್ಮ ನೆಲ ಒರೆಸುತ್ತಿದ್ದರು. “ಉಜ್ಜನಪ್ಪನೋರೆ, ಫಿನಾಯಿಲ್ ಹಾಕಲಾ?” ಎಂದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಅಮಾವಾಸ್ಯೆಗೆ ಆಕೆಗೆ ರಜೆ. ಮಾರನೆಯ ದಿನ ನವರಾತ್ರಿಯ ಪಾಡ್ಯ. ಬೆಳಿಗ್ಗೆ ಆರೂಕಾಲಿಗೆ ನನ್ನ ಫೋನ್ ಹೊಡೆದುಕೊಂಡಿತು.

“ಉಜ್ಜನಪ್ಪನೋರೆ, ನಾನು ಭವಾನಿ. ನಮ್ಮ ಬೀದಿ ಚಿನ್ನಮ್ಮನ ಹಸು ಏಳ್ತಾ ಇಲ್ಲ. ಡಾಕ್ಟ್ರು ಫೋನ್ ಎತ್ತುತಿಲ್ಲ.”

ಡಾಕ್ಟರು ಬೆಳಕು ಹರಿಯುವ ಮುಂಚೆಯೇ ಕುಂಸಿಗೆ ಹೋಗಿದ್ದರು, ಎಮ್ಮೆಯೊಂದು ಕರು ಹಾಕಲು ಕಷ್ಟಪಡುತ್ತಿತ್ತು. ಭುಜದವರೆಗೂ ಕೈ ಎಮ್ಮೆಯೊಳಗೆ ಇಟ್ಟುಕೊಂಡವರು ಫೋನ್ ಎತ್ತುವುದಾದರೂ ಹೇಗೆ?

“ಹೊಟ್ಟೆ ಊದಿದೆಯಾ?”

“ಎಡಗಡೆ ಊದಿದೆ.”

“ಉಬ್ಬರ, ಇನ್ನೇನು! ಮಳೆ ನಿಂತು ಹುಲ್ಲು ಚಿಗುರಿದೆ, ಈ ವಾರ ಇದು ನಾಲ್ಕನೇದು. ಅರ್ಧ ಲೀಟರ್ ಕಡ್ಲೆಕಾಯಿ ಎಣ್ಣೆ ಗೊಟ್ಟದಲ್ಲಿ ಹುಯ್ಯಿರಿ. ನಾನು ಬಸ್ ಹತ್ತುತೀನಿ.”

ಆ ಕಡೆಯಿಂದ ಹಸು ನರಳುವ ಸದ್ದಷ್ಟೇ ಬಂತು.

“ಭವಾನಮ್ಮ, ಕೇಳಿಸ್ತಾ?”

“ಕೇಳಿಸ್ತು. ಎಣ್ಣೆ ಬೇಡ.”

“ಏನಂದ್ರಿ?”

“ಎಣ್ಣೆ ಹಾಕಲ್ಲ ಉಜ್ಜನಪ್ಪನೋರೆ. ತಟ್ಟಿದ್ರೆ ಸದ್ದಿಲ್ಲ. ಒತ್ತಿದ್ರೆ ಗುಂಡಿ ಬೀಳುತ್ತೆ. ಅಡ್ಡಡ್ಡ ಮಲಗಿಬಿಟ್ಟಿದೆ, ಈಗ ಹುಯ್ದ್ರೆ ಆ ಕರುವಿನ ಹಾಗೇ ಶ್ವಾಸಕ್ಕೆ ಹೋಗುತ್ತೆ. ಇದು ಅನ್ನ ತಿಂದು ಆಗಿರೋದು. ನಾನು ಎಬ್ಬಿಸಿ ಕೂರಿಸಿ ಸೋಡಾ ಕೊಡ್ತೀನಿ.”

“ಅಯ್ಯೋ ಮಾರಾಯ್ತಿ, ನಾನು ಮೂವತ್ತು ವರ್ಷ ದನದ ಹೊಟ್ಟೆ...”

“ನೀವು ಬಸ್ ಹತ್ತಿ. ಇಡ್ತೀನಿ.” ಫೋನ್ ಕಟ್ಟಾಯಿತು.

ಬಾಗಿಲು ಮುಚ್ಚಲು ನನ್ನನ್ನು ಕೇಳುತ್ತಿದ್ದ ಹೆಂಗಸು ನನ್ನ ಫೋನ್ ಕಟ್ ಮಾಡಿದ್ದರು. ಹೆಂಡತಿ ಅಂಗಿ ತೊಡಿಸುವಾಗ ಅವಳ ಮೇಲೂ ರೇಗಿದೆ. ಬಸ್ಸಿನಲ್ಲಿ ಕೂತು ಭದ್ರಾವತಿ ಮುಟ್ಟುವವರೆಗೂ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಲೇ ಇದ್ದೆ. ಹಸು ಸತ್ತರೆ ತಪ್ಪು ಆಕೆಯದೇ ಎಂದುಕೊಂಡೆ. ಅದರ ಜೊತೆಗೇ ಇನ್ನೊಂದು ಮಾತೂ ನೆನಪಾಯಿತು. ತಟ್ಟಿ ನೋಡಿದಿರಾ ಎಂದು ನಾನು ಕೇಳಿರಲಿಲ್ಲ.

ಚಿನ್ನಮ್ಮನ ಗುಡಿಸಲಿನ ಮುಂದೆ ಇಡೀ ಬೀದಿ ಸೇರಿತ್ತು. ಚಿನ್ನಮ್ಮನ ಗಂಡ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವನು. ಅವನು ತೀರಿಕೊಂಡ ಮೇಲೆ ಆಕೆಗೆ ಇರುವುದು ಈ ಒಂದು ಹಸು, ಅದರ ಹಾಲು ಕೊಳ್ಳುವ ಎಂಟು ಹತ್ತು ಮನೆಗಳು. ಲಚ್ಚುಮಿ ಎಂದು ಕರೆಯುತ್ತಾಳೆ. ಕಟ್ಟಿ ಹಾಕದೆ ಬೀದಿಯಲ್ಲಿ ಓಡಾಡುವ ಹಸು ಆ ಭಾಗಕ್ಕೆಲ್ಲ ಅದೊಂದೇ. ಆಗಿದ್ದ ಅನಾಹುತಕ್ಕೆ ಕಾರಣ ಅದೇ.

ಅಲ್ಲಿ ನಿಂತವರು ಆಡಿದ ಮಾತುಗಳಿಂದ ನನಗೆ ವಿಷಯ ತಿಳಿಯಿತು. ಅಮಾವಾಸ್ಯೆಯ ದಿನ ಶ್ರೀನಿವಾಸಮೂರ್ತಿಗಳು ಮತ್ತು ಅವರ ತಮ್ಮ ಸೇರಿ ಹನ್ನೊಂದು ಮನೆಯಲ್ಲಿ ಪಿತೃಕಾರ್ಯ ಮಾಡಿಸಿದ್ದರು. ಪ್ರತಿ ವರ್ಷ ಪಿಂಡಗಳನ್ನು ಹೊಳೆಗೆ ಬಿಡುತ್ತಾರೆ. ಈ ಸಲ ಭದ್ರಾ ಹೊಳೆಯಲ್ಲಿ ನೀರು ಜೋರಾಗಿತ್ತು, ಮೆಟ್ಟಿಲು ಪಾಚಿ ಕಟ್ಟಿತ್ತು. ವಯಸ್ಸಾದವರು ಜಾರಿ ಬೀಳುವುದು ಬೇಡವೆಂದು ಮೂರ್ತಿಗಳು, “ಹೊಳೆಗೆ ಹೋಗಬೇಡಿ, ಗೋವಿಗೆ ಕೊಡಿ. ಶಾಸ್ತ್ರದಲ್ಲಿ ಅದಕ್ಕೂ ಅವಕಾಶ ಇದೆ” ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮನೆಮನೆಯವರೂ ಭಕ್ತಿಯಿಂದ ಪಿಂಡ ಇಟ್ಟರು, ಜೊತೆಗೆ ಒಂದು ತುಂಬು ಎಲೆ: ಅನ್ನ, ಪಾಯಸ, ವಡೆ. ತಮ್ಮದೊಂದೇ ಎಲೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಲಚ್ಚುಮಿ ಹನ್ನೊಂದು ಬಾಗಿಲಲ್ಲೂ ನಿಂತು ತಿಂದು ಬಂದಿತ್ತು.

ಶ್ರೀನಿವಾಸಮೂರ್ತಿಗಳು ಗೋಡೆಗೆ ಒರಗಿ ನಿಂತಿದ್ದರು. ಪಾಡ್ಯದ ದಿನ ನಾಲ್ಕು ಮನೆಯಲ್ಲಿ ಅವರಿಗೆ ಕಲಶ ಸ್ಥಾಪನೆ ಇತ್ತು, ಎಲ್ಲೂ ಹೋಗಿರಲಿಲ್ಲ. “ಗೋಹತ್ಯೆ ಆಗಿಬಿಟ್ರೆ ಉಜ್ಜನಪ್ಪನೋರೆ...” ಎಂದರು. ನಾನು ಲಿಂಗ ಕಟ್ಟಿದವನು, ನಮಗೂ ಬಸವ ಎಂದರೆ ದೇವರೇ. ಆ ಮನುಷ್ಯನ ಸಂಕಟ ನನಗೆ ಅರ್ಥವಾಯಿತು. ಹಸು ಸತ್ತರೆ ಚಿನ್ನಮ್ಮನ ಬದುಕು ಹೋಗುತ್ತಿತ್ತು. ಈ ಮನುಷ್ಯ ಮತ್ತೆ ಯಾರ ಮನೆಯಲ್ಲೂ ಧೈರ್ಯವಾಗಿ ಮಂತ್ರ ಹೇಳುತ್ತಿರಲಿಲ್ಲ.

ಜನರನ್ನು ಸರಿಸಿಕೊಂಡು ಒಳಗೆ ಹೋದೆ. ಹಸುವನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಲಾಗಿತ್ತು. ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒತ್ತು ಕೊಟ್ಟಿದ್ದರು. ಮಡಿ ಸೀರೆ ಉಟ್ಟ ಸಾವಿತ್ರಮ್ಮನವರು ಸಗಣಿ ನೆಲದ ಮೇಲೆ ಕೂತು ಹಸುವಿನ ಗದ್ದ ಹಿಡಿದಿದ್ದರು, ಎತ್ತದೆ ಸಮಕ್ಕೆ. ಭವಾನಮ್ಮ ಬಾಯಿಯ ಮೂಲೆಯಿಂದ ಬಾಟಲಿಯಲ್ಲಿ ಸೋಡಾ ನೀರು ಬಿಡುತ್ತಿದ್ದರು. ಒಂದು ಗುಟುಕು ಬಿಡುವುದು, ಗಂಟಲಿನಲ್ಲಿ ಇಳಿಯುವುದನ್ನು ನೋಡುವುದು, ಮತ್ತೆ ಇನ್ನೊಂದು ಗುಟುಕು. ಹಸು ಒಮ್ಮೆ ಕೆಮ್ಮಿತು, ತಕ್ಷಣ ಬಾಟಲಿ ತೆಗೆದು ತಲೆ ಬಗ್ಗಿಸಿದರು. ನಾನು ಬಂದದ್ದನ್ನು ನೋಡಿದರು, ಏನೂ ಕೇಳಲಿಲ್ಲ.

ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅಷ್ಟು ಬೆಳಿಗ್ಗೆ ಅಂಗಡಿ ತೆರೆದಿರಲಿಲ್ಲವಾದ್ದರಿಂದ ಭವಾನಮ್ಮ ಗಂಡನನ್ನೇ ಓಡಿಸಿದ್ದರು: ನಿನ್ನೆ ಹೋದ ಹನ್ನೊಂದು ಮನೆಗೂ ಹೋಗಿ, ಹಸುವಿಗೆ ಏನೇನು ಎಷ್ಟು ಕೊಟ್ಟಿರಿ ಎಂದು ಕೇಳಿ, ಹಾಗೇ ಅಡುಗೆ ಸೋಡಾ ಇದ್ದಷ್ಟು ಇಸಕೊಂಡು ಬನ್ನಿ. ಮೂರ್ತಿಗಳು ಶ್ರಾದ್ಧದ ಮನೆಗಳನ್ನು ಬರೆದುಕೊಂಡಿದ್ದ ಚೀಟಿ ಹಿಡಿದು ಬಾಗಿಲು ಬಾಗಿಲು ಸುತ್ತಿದ್ದರು. ಚೀಟಿಯಲ್ಲಿ ಗೋತ್ರದ ಪಕ್ಕ ‘ಅನ್ನ ಎರಡು ಸೇರು, ಪಾಯಸ, ವಡೆ ಎಂಟು’ ಎಂದೆಲ್ಲ ಬರೆದದ್ದಿತ್ತು. ಒಂದು ಮನೆಯವರು ಗಾಬರಿಯಲ್ಲಿ ಸೋಡಾ ಬದಲು ಪುಡಿ ಉಪ್ಪು ಕೊಟ್ಟಿದ್ದರು. ಭವಾನಮ್ಮ ಪ್ರತಿ ಪೊಟ್ಟಣವನ್ನೂ ನಾಲಿಗೆಗೆ ಹಚ್ಚಿ ನೋಡಿ ಅದನ್ನು ಬೇರೆ ಇಟ್ಟಿದ್ದರು.

ನಾನು ಬಗ್ಗಿ ಹಸುವಿನ ಎಡ ಪಕ್ಕೆಗೆ ಮೂರು ಬೆರಳು ಒತ್ತಿದೆ. ತೆಗೆದೆ. ಮೂರು ಗುಂಡಿಗಳೂ ಹಾಗೇ ನಿಂತವು. ಆ ಹಸುವಿನ ಬಾಯಿಗೆ, ಅಡ್ಡ ಮಲಗಿದ್ದಾಗ, ಅರ್ಧ ಲೀಟರ್ ಎಣ್ಣೆ ಸುರಿಯಿರಿ ಎಂದು ಹೇಳಿದವನು ನಾನು. ಆಕೆ ನನ್ನ ಮಾತು ಕೇಳಿದ್ದರೆ ನಾನು ಬರುವ ಹೊತ್ತಿಗೆ ಬೀದಿಯವರು ಸತ್ತ ಹಸುವಿಗೆ ಹಚ್ಚಲು ಅರಿಶಿನ ಕುಂಕುಮ ಹಿಡಿದು ನಿಂತಿರುತ್ತಿದ್ದರು.

ಡಾಕ್ಟರು ಒಂಬತ್ತರ ಹೊತ್ತಿಗೆ ಕುಂಸಿಯಿಂದ ನೇರ ಬಂದರು. ಅಂಗಿಯ ತುಂಬ ಎಮ್ಮೆಯ ರಕ್ತ. ನೋಡಿದರು, ಮೂರ್ತಿಗಳ ಚೀಟಿ ಓದಿದರು, ಡ್ರಿಪ್ ಏರಿಸಿದರು, ಇಂಜೆಕ್ಷನ್ ಕೊಟ್ಟರು. ಬಾಟಲಿ ಹಿಡಿದದ್ದು ಭವಾನಮ್ಮ, ಏಕೆಂದರೆ ನನ್ನ ಕೈ ಅಷ್ಟೆತ್ತರಕ್ಕೆ ಏಳುವುದಿಲ್ಲ. ಎರಡು ಬಾಟಲಿ ಮುಗಿದ ಮೇಲೆ ಹಸು ಕಿವಿ ಆಡಿಸಿತು.

“ಉಳಿಯುತ್ತೆ ಅನ್ಸುತ್ತೆ” ಎಂದರು ಡಾಕ್ಟರು. “ಮೂರು ದಿನ ನೋಡ್ಬೇಕು. ಮೆಲುಕು ಹಾಕಿದ್ರೆ ಗೆದ್ದ ಹಾಗೆ. ಬೆಳಿಗ್ಗೆ ಸೋಡಾ ಕೊಟ್ಟಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಾನು ಬರೋದ್ರೊಳಗೆ ಕೆಲಸ ಮುಗಿದಿರ್ತಿತ್ತು.”

ಚಿನ್ನಮ್ಮ ನನ್ನ ಕಾಲು ಮುಟ್ಟಲು ಬಂದಳು. “ಸಾಮಿ, ನೀನು ಫೋನಲ್ಲಿ ಹೇಳ್ದೆ ಅಂತ ಅಮ್ಮ ಮಾಡ್ತು. ನನ್ನ ಲಚ್ಚುಮಿ ಉಳೀತು.” ಶ್ರೀನಿವಾಸಮೂರ್ತಿಗಳು ಕೈ ಮುಗಿದರು. “ಎಂಥಾ ಗುರು ಸಿಕ್ಕಿದ್ರಿ ಇವಳಿಗೆ” ಎಂದರು. ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಆಕೆ ನನಗೆ ಫೋನ್ ಮಾಡಿದ್ದು ಅವರಿಗೆ ಗೊತ್ತಿತ್ತು. ಫೋನಿನಲ್ಲಿ ನಾನು ಹೇಳಿದ್ದೇನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಭವಾನಮ್ಮ ಬಾಟಲಿ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಜುಲೈಯಲ್ಲಿ ಅಷ್ಟು ಜನರ ಮುಂದೆ ನಾನು ಆಕೆಯ ಮಾನ ತೆಗೆದಿದ್ದೆ. ಈಗ ಆಕೆ ಒಂದೇ ಮಾತಿನಲ್ಲಿ ನನ್ನದನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ. ನಾನೂ ಸುಮ್ಮನಿದ್ದುಬಿಡಬಹುದಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೇ ಇದ್ದೆ.

“ನಾನು ಹೇಳಿದ್ದಲ್ಲ” ಎಂದೆ ಆಮೇಲೆ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. “ನಾನು ಎಣ್ಣೆ ಹುಯ್ಯಿ ಅಂದೆ. ಸರಿಯಾಗಿ ಕೇಳ್ದೆ, ನೋಡ್ದೆ ಹೇಳ್ದೆ. ಭವಾನಮ್ಮ ಹಾಕಲ್ಲ ಅಂದ್ರು, ಫೋನ್ ಇಟ್ರು. ನನ್ನ ಮಾತು ಕೇಳಿದ್ರೆ ಹಸು ಸಾಯ್ತಿತ್ತು. ಉಳಿಸಿದ್ದು ಇವರು.”

ಡಾಕ್ಟರು ಸ್ಟೆತಾಸ್ಕೋಪ್ ಸುತ್ತುತ್ತಾ ನನ್ನ ಕಡೆ ನೋಡಿದರು. “ಮೊನ್ನೆ ನೀವು ನನ್ನ ಹತ್ರ ಬೇರೆ ಏನೋ ಹೇಳಿದ್ರಲ್ಲ?”

“ಹೇಳಿದ್ದೆ ಸಾರ್. ಹೇಳದೆ ಕೈ ಹಾಕಲ್ಲ, ಆಗಲ್ಲ ಅಂದಿದ್ದೆ.” ಭವಾನಮ್ಮನ ಕೈ ಬಾಟಲಿಯ ಮೇಲೆ ನಿಂತಿತು. ಅವರಿಗೆ ಅದು ಗೊತ್ತಿರಲಿಲ್ಲ. ಮುಖ ಸಣ್ಣದಾಯಿತು. ನಾನು ಅವರ ಕಡೆಯೇ ತಿರುಗಿ ಹೇಳಿದೆ. “ಕೇಳ್ದೆ ಕೈ ಹಾಕ್ಬೇಡಿ ಅಂತ ನಿಮ್ಮ ಕೈ ಕಟ್ಟಿದೋನೂ ನಾನೇ, ಕೈ ಆಡಲ್ಲ ಅಂತ ದೂರು ಹೇಳಿದೋನೂ ನಾನೇ. ತಪ್ಪಾಯ್ತು ಭವಾನಮ್ಮ.” ಮತ್ತೆ ಡಾಕ್ಟರಿಗೆ, “ಆಗುತ್ತೆ ಸಾರ್. ನನಗಿಂತ ಚೆನ್ನಾಗಿ ಆಗುತ್ತೆ. ಇಟ್ಕೊಳ್ಳಿ” ಎಂದೆ.

“ಇವತ್ತಿಂದಲೇ” ಎಂದರು ಡಾಕ್ಟರು.

ಭವಾನಮ್ಮ ಆಗ ಅತ್ತರು. ಸೋಡಾ ನೀರಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿ ಹತ್ತಿ ಇನ್ನಷ್ಟು ಅತ್ತರು. ನನಗೆ ಎದೆ ಹಗುರಾಯಿತು. ಮೂವತ್ತೈದು ವರ್ಷದ ಕೆಲಸದಲ್ಲಿ ನಾನು ಯಾರ ಮುಂದೆಯೂ ತಪ್ಪಾಯ್ತು ಎಂದವನಲ್ಲ. ಅಂದರೆ ಇಷ್ಟು ಹಗುರಾಗುತ್ತದೆಂದು ಗೊತ್ತಿದ್ದರೆ ಮುಂಚೆಯೇ ಅನ್ನುತ್ತಿದ್ದೆನೇನೋ.

ಸಾವಿತ್ರಮ್ಮನವರು ಮೇಲಕ್ಕೆದ್ದರು. ಮಡಿ ಸೀರೆಯ ತುಂಬ ಸಗಣಿ, ಹಸುವಿನ ಜೊಲ್ಲು. ಸೊಸೆಯನ್ನು ನೋಡಿ, “ಬಚ್ಚಲಲ್ಲಿ ನೀರು ಕಾದಿದೆ, ಏಳು. ಹಿತ್ತಲಿಗೆ ಸುತ್ತಿ ಬರೋದೇನೂ ಬೇಡ, ಮುಂದ್ಲಿಂದಲೇ ಬಾ” ಎಂದರು. ಹೋಗುತ್ತಾ ಮಗನ ಕಡೆ ತಿರುಗಿ, “ಮುಂದಿನ ವರ್ಷ ಪಿಂಡ ಹೊಳೆಗೇ ಬಿಡ್ಸೋ. ಜಾರೋವ್ರಿಗೆ ನೀನೇ ಕೈ ಹಿಡ್ಕೋ. ಗೋವಿಗೆ ಒಂದು ಹಿಡಿ ಹುಲ್ಲು ಸಾಕು” ಎಂದರು. ಮೂರ್ತಿಗಳು ತಲೆ ಅಲ್ಲಾಡಿಸಿದರು.

ಆಮೇಲಿನ ಎರಡು ದಿನ ನೆಮ್ಮದಿ ಇರಲಿಲ್ಲ. ಹಸು ಎದ್ದು ನಿಂತಿತು, ಆದರೆ ಹುಲ್ಲು ಮೂಸಿ ಬಿಡುತ್ತಿತ್ತು. ಮೆಲುಕು ಇಲ್ಲ. ಡಾಕ್ಟರು ಭವಾನಮ್ಮನಿಗೆ ಅಲ್ಲೇ ಇದ್ದು ನೋಡಿಕೊಳ್ಳಲು ಹೇಳಿದ್ದರು. ಕ್ಲಿನಿಕ್ಕಿನಲ್ಲಿ ನಾನೊಬ್ಬನೇ. ಫೋನ್ ಹೊಡೆದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಒಪ್ಪಿಕೊಂಡ ಮಾತ್ರಕ್ಕೆ ಹಸು ಬದುಕುವುದಿಲ್ಲವಲ್ಲ.

ಮೂರನೆಯ ದಿನ ಸಂಜೆ ನಾಲ್ಕು ಗಂಟೆಗೆ, ನಾನು ಒಂದು ಪೊಮೆರೇನಿಯನ್ ನಾಯಿಯ ಉಗುರು ಕತ್ತರಿಸುತ್ತಿದ್ದೆ. ಫೋನ್ ಬಂತು.

“ಉಜ್ಜನಪ್ಪನೋರೆ, ಕೇಳಿ” ಎಂದರು ಭವಾನಮ್ಮ. ಆಮೇಲೆ ಅವರ ಮಾತು ನಿಂತಿತು. ಫೋನನ್ನು ಎಲ್ಲಿಗೋ ಹಿಡಿದಂತಿತ್ತು. ಮೊದಲು ಬುಸ್ ಎಂದು ಉಸಿರು. ಆಮೇಲೆ ನಿಧಾನಕ್ಕೆ, ಹಲ್ಲಿಗೆ ಹಲ್ಲು ಉಜ್ಜುವ ಸದ್ದು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ನಾಯಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಾ ನಿಂತೆ. ನಾಯಿಯ ಯಜಮಾನಿತಿ ಏನಾಯ್ತು ಎಂದು ಗಾಬರಿಯಾದರು. ಏನಿಲ್ಲಮ್ಮ, ಹಸು ಮೆಲುಕು ಹಾಕ್ತಿದೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

“ಕೇಳಿಸ್ತಾ?” ಭವಾನಮ್ಮ ಮತ್ತೆ ಫೋನಿಗೆ ಬಂದರು.

“ಕೇಳಿಸ್ತು ಮಾರಾಯ್ತಿ.” ನಾಯಿಯನ್ನು ಮೇಜಿನ ಮೇಲೆ ಇಳಿಸಿದೆ.

“ನಾಳೆ ಎಂಟೂವರೆಗೆ ಬಂದು ಕ್ಲಿನಿಕ್ ನಾನೇ ತೆಗೀತೀನಿ. ಹೊಲಿಗೆ ಬಿಚ್ಚೋ ನಾಯಿ ಎರಡಿವೆ. ನೀವು ಬರಬೇಡಿ. ಮನೇಲಿದ್ದು ಭುಜಕ್ಕೆ ಬಿಸಿ ಶಾಖ ಕೊಡ್ಕೊಳ್ಳಿ.”

ಕೇಳಲಿಲ್ಲ ಆಕೆ, ಹೇಳಿದರು. ಆಗಲಮ್ಮ ಎಂದೆ. ಅವತ್ತು ಸಂಜೆ ಕ್ಲಿನಿಕ್ಕಿನ ಬೀಗದ ಕೈಯನ್ನು, ಬೆಳಿಗ್ಗೆ ಭವಾನಮ್ಮನಿಗೆ ಕೊಡಿ ಎಂದು, ಡಾಕ್ಟರ ಕೈಗೆ ಕೊಟ್ಟು ಮನೆಗೆ ಬಂದೆ.